ಡ್ರಮ್ಸ್ ಬಾರಿಸುವಾಗ ಸೊಂಟ ನೋವು, ಕಾಲಿಗೆ ಜೋಮು: ಬ್ಯಾಕ್‌ರೆಸ್ಟ್ ಇರೋ ಸ್ಟೂಲ್ ತಗೊಳ್ಳಲೇಬೇಕಾ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು ಅಂದ್ಕೊಂಡಿದ್ದೀನಿ: ವಯಸ್ಸು 26, ಗೋವಾದ ಮಾಪುಸಾದಲ್ಲಿ ಕೆಲಸ, ಡ್ರಮ್ಸ್ ಕಲಿಯೋಕೆ ಶುರು ಮಾಡಿ ಒಂದೂವರೆ ವರ್ಷ. ಮುಕ್ಕಾಲು ಗಂಟೆ ಬಾರಿಸಿದರೆ ಸೊಂಟ ಹಿಡಿಯುತ್ತೆ, ಬಲಗಾಲು ತೊಡೆಯಿಂದ ಕೆಳಗೆ ಜೋಮು ಹಿಡಿಯುತ್ತೆ. ಬ್ಯಾಕ್‌ರೆಸ್ಟ್ ಇರೋ ದುಬಾರಿ ಸ್ಟೂಲ್ ತಗೊಂಡರೆ ಸರಿಹೋಗುತ್ತಾ?

ಈಗಲೇ ದುಡ್ಡು ಹಾಕಬೇಡಿ. ಮೊದಲು ಇರೋ ಸ್ಟೂಲಿನ ಎತ್ತರ ಸರಿಮಾಡಿ, ಆಮೇಲೆ ಇಡೀ ಸೆಟ್ಟನ್ನು ನಿಮ್ಮ ಹತ್ತಿರಕ್ಕೆ ಎಳ್ಕೊಳ್ಳಿ. ನಮ್ಮಲ್ಲಿ ಮುಕ್ಕಾಲುಪಾಲು ಜನ ಇದನ್ನು ಉಲ್ಟಾ ಮಾಡ್ತಾರೆ. ಕ್ಲಾಸಿನಲ್ಲಿ ಸೆಟ್ ಹೇಗೆ ಇಟ್ಟಿರುತ್ತೋ ಅದಕ್ಕೆ ಮೈ ಬಗ್ಗಿಸಿ ಕೂರ್ತಾರೆ, ಮೈ ನೊಂದ ಮೇಲೆ ಸ್ಟೂಲಿಗೆ ಬೈತಾರೆ.

ನಾನು ಹುಬ್ಬಳ್ಳಿಯವನು, ವಾಸ್ಕೋಗೆ ಬಂದು 15 ವರ್ಷ ದಾಟಿತು. ಹಗಲು ಲೆಕ್ಕ ಬರೆಯೋ ಕೆಲಸ, ಸಂಜೆ ಮದುವೆ ಬ್ಯಾಂಡಿನಲ್ಲಿ ಡ್ರಮ್ಸ್. ಇಲ್ಲಿಯ ಕ್ರಿಶ್ಚಿಯನ್ ಮದುವೆಗಳ ಲೆಕ್ಕ ನಿಮಗೂ ಗೊತ್ತಿರಬಹುದು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ಮದುವೆ ಇಟ್ಟುಕೊಳ್ಳೋದು ಕಡಿಮೆ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲೂ ಹಾಗೇ. ಹೀಗಾಗಿ ಡಿಸೆಂಬರ್ 26ರಿಂದ ಮುಂದೆ ಎಲ್ಲ ಒಟ್ಟಿಗೇ ಬಂದು ಬೀಳುತ್ತೆ. ಮೇಲಿಂದ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸೋ ಕಾನೂನು. ಏಳೂವರೆಗೆ ಕೂತರೆ ಹತ್ತರವರೆಗೆ ಎದ್ದೇಳೋ ಮಾತಿಲ್ಲ, ಬ್ರೇಕ್ ಕೊಟ್ಟರೆ ಮದುವೆ ಮನೆಯವರಿಗೆ ಹೊಟ್ಟೆಯಲ್ಲಿ ಸಂಕಟ.

2016ರ ಜನವರಿಯಲ್ಲಿ ಮಡಗಾಂವ್ ಕಡೆಯ ಒಂದು ಹಾಲ್. ಸ್ಟೂಲಿನ ಮೂರು ಕಾಲಿನ ಸ್ಟ್ಯಾಂಡ್ ತಂದಿದ್ದೆ, ಸೀಟು ಮನೆಯಲ್ಲೇ ಉಳಿದಿತ್ತು. ಊಟದ ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತೆ. ಆ ಕುರ್ಚಿಯ ಸೀಟು ಹಿಂದಕ್ಕೆ ಇಳಿಜಾರು, ಎತ್ತರ ಸುಮಾರು 17 ಇಂಚು. ಹಿಂದೆ ಒರಗಿದರೆ ಕಿಕ್ ಡ್ರಮ್ಮಿನ (ಕಾಲಿನಿಂದ ಬಾರಿಸೋ ದೊಡ್ಡ ಡ್ರಮ್) ಪೆಡಲ್ ಸಿಗಲ್ಲ, ಆದ್ದರಿಂದ ಮುಂದಿನ ಅಂಚಿನ ಮೇಲೇ ಕುಂಡಿ ಊರಿದೆ. ಕೊಂಕಣಿ ಮಸಾಲಾ ಅನ್ನೋ ಕುಣಿತದ ಹಾಡುಗಳು ಶುರುವಾಗೋ ಹೊತ್ತಿಗೆ ಬಲಗಾಲು ನನ್ನದಲ್ಲ ಅನ್ನಿಸ್ತು. ಕಿಕ್ ಸದ್ದು ಬರ್ತಾ ಇದೆ, ಆದರೆ ಪಾದದ ಕೆಳಗೆ ಪೆಡಲ್ ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ. ಬಗ್ಗಿ ನೋಡಿ ಖಾತ್ರಿ ಮಾಡ್ಕೊಂಡೆ, ಶೂ ಪೆಡಲಿನ ಮೇಲೇ ಇತ್ತು. ಮರುದಿನ ಬೆಳಗ್ಗೆ ಕಾಲುಚೀಲ ಹಾಕ್ಕೊಳ್ಳೋಕೆ ಹೆಂಡತಿ ಬೇಕಾಯ್ತು.

ಬೆಳಗಾವಿ ಕಡೆಯ ಒಬ್ಬ ಫಿಸಿಯೋಥೆರಪಿ ಮೇಡಂ ಹತ್ತಿರ ಹೋದೆ. ನಾನು ಕೈ ಆಡಿಸಿ ವಿವರಿಸ್ತಾ ಇದ್ದೆ. "ಬಾಯಿಲೆ ಹೇಳಬ್ಯಾಡ್ರಿ, ಆ ಸ್ಟೂಲು, ಪೆಡಲ್ಲು ತಗೊಂಡು ಬರ್ರಿ" ಅಂದರು. ಮರುದಿನ ಹೊತ್ಕೊಂಡು ಹೋದೆ. ಪೆಡಲನ್ನು ಗೋಡೆಗೆ ಒತ್ತಿಟ್ಟು, ಬಾರಿಸುವಂತೆ ಕೂರಿಸಿ, "ಈಗ ತೊಡಿಗೂ ಸೀಟಿನ ಅಂಚಿಗೂ ನಡುವ ನಿಮ್ಮ ಬೆರಳು ತೂರಿಸಿ ನೋಡ್ರಿ" ಅಂದರು. ಬೆರಳು ಹೋಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯದ್ದು ಒಂದು ದಿನದ ತಪ್ಪು. ನನ್ನ ಸ್ವಂತ ಸ್ಟೂಲಿನಲ್ಲೇ ಅದೇ ತಪ್ಪು ವರ್ಷಗಟ್ಟಲೆ ನಡೀತಾ ಇತ್ತು. ಸ್ಪಂಜು ನಡುವೆ ಕುಸಿದು ಸೀಟು ತಟ್ಟೆಯಂತಾಗಿತ್ತು, ಸುತ್ತಲಿನ ಪ್ಲೈವುಡ್ ಅಂಚು ತೊಡೆಯ ಹಿಂಭಾಗಕ್ಕೆ ಒತ್ತುತ್ತಾ ಇತ್ತು. ಸೊಂಟದಿಂದ ಕಾಲಿಗೆ ಇಳಿಯೋ ದೊಡ್ಡ ನರ ಹೋಗೋದೇ ತೊಡೆಯ ಹಿಂದಿನಿಂದ. ಜೋಮು ಹಿಡಿಯದೇ ಇನ್ನೇನು?

ಹಾಗಾಗಿ ನಿಮ್ಮ ಎರಡು ದೂರುಗಳನ್ನು ನಾನು ಬೇರೆ ಬೇರೆ ಮಾಡಿ ನೋಡ್ತೀನಿ. ಜೋಮಿಗೆ ಸೀಟಿನ ಅಂಚನ್ನು ಅನುಮಾನಿಸಿ, ಸೊಂಟ ನೋವಿಗೆ ಎತ್ತರವನ್ನು. ಅದಕ್ಕೂ ಮುಂಚೆ ಒಂದು ಚಿಲ್ಲರೆ ಪ್ರಶ್ನೆ: ಪ್ಯಾಂಟಿನ ಬಲಗಡೆ ಹಿಂಜೇಬಿನಲ್ಲಿ ಪರ್ಸೋ ಮೊಬೈಲೋ ಇಟ್ಕೊಂಡು ಕೂರ್ತೀರಾ? ಹೌದಾದರೆ ಇವತ್ತೇ ತೆಗೆದಿಡಿ. ಒಂದು ಪಕ್ಕ ಎತ್ತರವಾಗಿ ಸೊಂಟ ವಾಲುತ್ತೆ, ಆ ನರಕ್ಕೂ ಒತ್ತು ಬೀಳುತ್ತೆ.

ಎತ್ತರದ ವಿಷಯ. ಸೊಂಟದ ಕೀಲು ಮಂಡಿಗಿಂತ ಸ್ವಲ್ಪ ಮೇಲಿರಬೇಕು, ತೊಡೆ ಮುಂದಕ್ಕೆ ತುಸು ಇಳಿಜಾರಾಗಿರಬೇಕು. ಮಂಡಿ ಮೇಲೆ, ಕುಂಡಿ ಕೆಳಗೆ ಆದರೆ ಸೊಂಟದ ಮೂಳೆ ಹಿಂದಕ್ಕೆ ಹೊರಳುತ್ತೆ, ಕೆಳಬೆನ್ನಿನ ಸಹಜ ಒಳಬಾಗು ಮಾಯವಾಗಿ ಬೆನ್ನು ಗೂನಾಗುತ್ತೆ. "ಬೆನ್ನು ನೆಟ್ಟಗೆ ಇಟ್ಕೋ" ಅಂತ ಗುರುಗಳು ಎಷ್ಟು ಬೈದರೂ ಆ ಎತ್ತರದಲ್ಲಿ ಅದು ನಿಲ್ಲಲ್ಲ. ಐದು ನಿಮಿಷ ನಿಂತ ಹಾಗೆ ಮಾಡಿ ಮತ್ತೆ ಕುಸಿಯುತ್ತೆ. ಇನ್ನೊಂದು ಕಾರಣವೂ ಇದೆ. ತೊಡೆಯನ್ನು ಮೇಲಕ್ಕೆತ್ತುವ ಮುಖ್ಯ ಸ್ನಾಯುವಿನ ಒಂದು ತುದಿ ಕೆಳಬೆನ್ನಿನ ಮೂಳೆಗಳಿಗೇ ಅಂಟಿಕೊಂಡಿದೆ. ಹಿಮ್ಮಡಿ ಎತ್ತಿ ಕಿಕ್ ಬಾರಿಸುವವರು ಪ್ರತಿ ಸಲ ಕಾಲೆತ್ತಿದಾಗ ಅದು ಬೆನ್ನನ್ನು ಜಗ್ಗುತ್ತೆ. 120ರ ಟೆಂಪೋದಲ್ಲಿ (ನಿಮಿಷಕ್ಕೆ 120 ಬೀಟು) ಪ್ರತಿ ಬೀಟಿಗೂ ಕಿಕ್ ಅಂದರೆ ಗಂಟೆಗೆ 7,200 ಸಲ. ತಗ್ಗಾದ ಸೀಟಿನಲ್ಲಿ ಪ್ರತಿ ಸಲವೂ ಕಾಲು ಇನ್ನಷ್ಟು ಮೇಲೇರಬೇಕು. ಲೆಕ್ಕದವನಾಗಿ ಹೇಳ್ತೀನಿ, ಆ ಬಾಕಿ ಎಲ್ಲೋ ಒಂದು ಕಡೆ ವಸೂಲಾಗಲೇಬೇಕು.

ಇದನ್ನು ಮೇಡಂ ವಿವರಿಸುವಾಗ ನನಗೆ ನೆನಪಾದದ್ದು ಅಪ್ಪ. ನಮ್ಮ ಓಣಿಯ ಭಜನಾ ಸಪ್ತಾಹದಲ್ಲಿ ಅವರು ತಬಲಾ ನುಡಿಸ್ತಿದ್ದರು, ಮೂರು ಮೂರು ತಾಸು ಚಕ್ಕಳಮಕ್ಕಳ. ಕೂರೋ ಮುಂಚೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಕುಂಡಿಯ ಕೆಳಗೆ ಮಾತ್ರ ಇಟ್ಕೊಳ್ತಿದ್ದರು, ಮಂಡಿಗಳು ಬರೀ ಜಮಖಾನೆಯ ಮೇಲೆ. ಮೆತ್ತಗಿರಲಿ ಅಂತ ಅಂದ್ಕೊಂಡಿದ್ದೆ. ಅಲ್ಲ, ಸೊಂಟ ಮಂಡಿಗಿಂತ ಮೇಲಿರಲಿ ಅಂತ. ಅವರಿಗೆ ಅದನ್ನು ಯಾರು ಹೇಳಿಕೊಟ್ಟರೋ, ನನಗೆ ಮಾತ್ರ ಫೀಸು ಕೊಟ್ಟ ಮೇಲೆ ತಿಳೀತು.

ಶೂ ಹಾಕ್ಕೊಂಡು ನಿಂತು, ನೆಲದಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಟೇಪಿನಲ್ಲಿ ಅಳೆಯಿರಿ. ಅದಕ್ಕೆ ಎರಡು ಇಂಚು ಸೇರಿಸಿ ಸೀಟು ಇಟ್ಟು ಶುರು ಮಾಡಿ. ನೀವು ಕೂತಾಗ ಸ್ಪಂಜು ತಗ್ಗುತ್ತಲ್ಲ, ಅಳತೆ ಹಿಡಿಯಬೇಕಾದದ್ದು ಆ ತಗ್ಗಿದ ಎತ್ತರವನ್ನ. ನಾನು 5 ಅಡಿ 8 ಇಂಚು, ಮೊದಲು 18ರಲ್ಲಿ ಕೂರ್ತಿದ್ದೆ, ಈಗ 20ರಿಂದ 20 ಕಾಲು. ಒಂದೇ ದಿನ ಎರಡು ಇಂಚು ಏರಿಸಿದರೆ ಕಿಕ್ ಮೇಲಿನ ಹಿಡಿತವೇ ತಪ್ಪಿದ ಹಾಗಾಗುತ್ತೆ, ವಾರಕ್ಕೆ ಅರ್ಧ ಇಂಚು ಸಾಕು. ಹಿಮ್ಮಡಿ ನೆಲಕ್ಕೆ ತಾಗದೆ ನೀವು ಮುಂದಕ್ಕೆ ಜಾರ್ತಾ ಇದ್ದರೆ ಜಾಸ್ತಿಯಾಯ್ತು ಅಂತ ಅರ್ಥ, ಇಳಿಸಿ. ಸರಿಯಾದ ಎತ್ತರ ಸಿಕ್ಕಿದ ದಿನ ಕಂಬಿಯ ಮೇಲೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆದುಬಿಡಿ. ನನ್ನದು ಕೆಂಪು, ಮಗಳ ಡಬ್ಬಿಯಿಂದ ಕದ್ದದ್ದು.

ಈಗ ಸೆಟ್. ಎಲ್ಲವನ್ನೂ ದೂರ ತಳ್ಳಿ, ಖಾಲಿ ಜಾಗದಲ್ಲಿ ಸ್ಟೂಲ್ ಒಂದನ್ನೇ ಇಟ್ಟು ಕೂರಿ. ಕುಂಡಿಯ ಕೆಳಗಿನ ಎರಡು ಗಟ್ಟಿ ಮೂಳೆಗಳು ಸೀಟಿಗೆ ಊರಿರೋದು ಗೊತ್ತಾಗಬೇಕು, ಭಾರ ತೊಡೆಯ ಮೇಲಲ್ಲ. ಕಣ್ಣು ಮುಚ್ಚಿ ಎರಡೂ ಪಾದಗಳನ್ನು ಎತ್ತಿ ಹಾಗೇ ಬಿಡಿ. ಅವು ಬಿದ್ದ ಜಾಗಕ್ಕೇ ಪೆಡಲ್‌ಗಳು ಬರಬೇಕು. ಸಾಮಾನ್ಯವಾಗಿ ಪಾದಗಳು ಸ್ವಲ್ಪ ಹೊರಕ್ಕೆ ತಿರುಗಿ ಬೀಳ್ತವೆ, ಅಂದರೆ ಕಿಕ್ ಡ್ರಮ್ ನಿಮ್ಮ ಮೂಗಿನ ನೇರಕ್ಕಲ್ಲ, ತುಸು ಬಲಕ್ಕೆ ಓರೆಯಾಗಿ ಇರಬೇಕು. ನೇರಕ್ಕಿಟ್ಟರೆ ಚಂದ ಕಾಣುತ್ತೆ, ಆದರೆ ಬಲತೊಡೆ ಇಡೀ ರಾತ್ರಿ ಒಳಕ್ಕೆ ತಿರುಚಿರುತ್ತೆ. ಆಮೇಲೆ ಎರಡು ಮಂಡಿಗಳ ನಡುವೆ ಸ್ನೇರ್ (ಮುಂದಿರೋ ಚಿಕ್ಕ ಚಪ್ಪಟೆ ಡ್ರಮ್), ಅದರ ಅಂಚು ಸೊಂಟಪಟ್ಟಿಯ ಆಸುಪಾಸು. ಕಡ್ಡಿ ಹಿಡಿದ ಕೈ ತೊಡೆಗೆ ಬಡೀಬಾರದು, ಹೆಗಲೂ ಏರಬಾರದು. ಆಮೇಲೆ ಹೈ-ಹ್ಯಾಟ್ (ಎಡಗಾಲಿನ ಪೆಡಲಿನ ಜೋಡಿ ತಾಳ), ಟಾಮ್‌ಗಳು (ಉಳಿದ ಡ್ರಮ್‌ಗಳು). ರೈಡ್ ಸಿಂಬಲ್ (ಬಲಗಡೆಯ ದೊಡ್ಡ ತಾಳ) ಕೊನೆಗೆ, ಮೊಣಕೈ ಪೂರ್ತಿ ಚಾಚದೆ ಸಿಗುವಷ್ಟು ಹತ್ತಿರ. ಕಡ್ಡಿ ಹಿಡಿದು ಒಂದು ಸುತ್ತು ಎಲ್ಲವನ್ನೂ ಮುಟ್ಟಿ ಬನ್ನಿ. ಎಲ್ಲಾದರೂ ಬೆನ್ನು ಸೀಟಿನಿಂದ ಮುಂದಕ್ಕೆ ಹೊರಟರೆ ಆ ತುಂಡನ್ನು ಎಳ್ಕೊಳ್ಳಿ. ಕ್ಲಾಸಿನ ಸೆಟ್ ಅಲ್ಲಾಡಿಸೋಕೆ ಮೇಷ್ಟ್ರು ಬಿಡಲ್ಲ ಅಂದರೆ ಸ್ನೇರ್ ಮತ್ತು ಸ್ಟೂಲ್ ಎರಡನ್ನಾದರೂ ಸರಿಮಾಡ್ಕೊಳ್ಳಿ.

ಬಾರಿಸ್ತಾ ಹಾಡುವ ಅಭ್ಯಾಸ ಇದ್ದರೆ ಮೈಕ್ ಬಾಯಿಗೆ ಬರಬೇಕು, ಕುತ್ತಿಗೆ ಮೈಕಿಗೆ ಹೋಗಬಾರದು. ಇಂಗ್ಲೆಂಡಿನ ಜೆನೆಸಿಸ್ ಬ್ಯಾಂಡಿನ ಡ್ರಮ್ಮರ್, ಹಾಡುಗಾರ ಫಿಲ್ ಕಾಲಿನ್ಸ್‌ಗೆ 2007ರ ಪ್ರವಾಸದ ಹೊತ್ತಿಗೆ ಕುತ್ತಿಗೆಯ ಮೂಳೆಗಳ ತೊಂದರೆಯಿಂದ ಕೈಯ ಹಿಡಿತವೇ ಕೈಕೊಟ್ಟಿತು. ವರ್ಷಗಟ್ಟಲೆ ಡ್ರಮ್ಸಿಗೆ ಕೂತ ಭಂಗಿಯೇ ಇದಕ್ಕೆ ಕಾರಣ ಅಂತ 2009ರಲ್ಲಿ ಅವರೇ ಹೇಳಿಕೊಂಡರು. 2021ರಲ್ಲಿ ಬ್ಯಾಂಡು ಕೊನೆಯ ಪ್ರವಾಸ ಹೊರಟಾಗ ಡ್ರಮ್ಸ್ ಬಾರಿಸಿದ್ದು ಅವರ ಮಗ, ಅಪ್ಪ ಕುರ್ಚಿಯಲ್ಲಿ ಕೂತು ಹಾಡಿದರು. ನಿಮ್ಮನ್ನು ಹೆದರಿಸೋಕಲ್ಲ. ಅಷ್ಟು ದೊಡ್ಡವರಿಗೂ ಇದು ತಪ್ಪಿಲ್ಲ ಅಂತ.

ಇಷ್ಟೆಲ್ಲ ಮಾಡಿ ತಿಂಗಳಾದ ಮೇಲೂ ಬೆರಳು ತೂರುವಷ್ಟು ಜಾಗ ಸಿಗದಿದ್ದರೆ, ಅಥವಾ ಸ್ಪಂಜು ಕುಸಿದಿದ್ದರೆ, ಆಗ ಹೊಸ ಸೀಟು ತಗೊಳ್ಳಿ. ಸ್ಪಂಜು ಗಟ್ಟಿ ಇರಲಿ. ಅಂಗಡಿಯಲ್ಲಿ ಒತ್ತಿದಾಗ ಮೆತ್ತಗೆ ಹಿತವಾಗಿರೋದೇ ಆರು ತಿಂಗಳಲ್ಲಿ ಚಪ್ಪಟೆಯಾಗುತ್ತೆ. ದುಂಡು ಸೀಟೋ, ಬೈಕಿನ ಸೀಟಿನಂತೆ ಮುಂದೆ ಕಿರಿದಾಗಿರೋದೋ? ಮೈ ಸ್ವಲ್ಪ ದಪ್ಪ ಇದ್ದರೆ ಎರಡನೆಯದು, ಹಿಂದೆ ಅಗಲ ಸಿಗುತ್ತೆ, ಮುಂದೆ ತೊಡೆಗೆ ಜಾಗ ಬಿಡುತ್ತೆ. ಸಪೂರ ಇದ್ದು ಎಡಬಲ ಜಾಸ್ತಿ ತಿರುಗುವವರಿಗೆ ದುಂಡೇ ವಾಸಿ. ನಾನು ಬೈಕ್ ಸೀಟಿನ ಪಕ್ಷ.

ಬ್ಯಾಕ್‌ರೆಸ್ಟ್ ನಿಮ್ಮ ವಯಸ್ಸಿಗೆ ಬೇಡ ಅಂತ ನನ್ನ ಅಭಿಪ್ರಾಯ. ಬಾರಿಸುವಾಗ ಅದಕ್ಕೆ ಸರಿಯಾಗಿ ಒರಗೋದು ಕಡಿಮೆ, ಹಾಡುಗಳ ನಡುವೆ ಒರಗೋಕೆ ಚೆನ್ನಾಗಿರುತ್ತೆ ಅಷ್ಟೇ. ಎತ್ತರ ತಪ್ಪಿದ್ದರೆ ಬ್ಯಾಕ್‌ರೆಸ್ಟ್ ಅದನ್ನು ತಿದ್ದಲ್ಲ. ನಮ್ಮ ಬ್ಯಾಂಡಿನ ಹಿರಿಯ ಡ್ರಮ್ಮರ್ ಒಬ್ಬರಿಗೆ 60 ದಾಟಿದೆ, ಅವರಿಗೆ ಅದಿಲ್ಲದೆ ಆಗಲ್ಲ. ಅದು ಬೇರೆ ಮಾತು.

ಗೋವಾದಲ್ಲಿ ಇರೋದರಿಂದ ಎರಡು ಮಾತು ಜಾಸ್ತಿ. ಉಪ್ಪುಗಾಳಿಗೆ ಸ್ಟೂಲಿನ ಕಂಬಿಯ ತಿರುಪು ತುಕ್ಕು ಹಿಡಿದು, ಮಳೆಗಾಲ ಮುಗಿಯೋ ಹೊತ್ತಿಗೆ ಅಲ್ಲಾಡೋದೇ ಇಲ್ಲ. ಎತ್ತರ ಬದಲಿಸಲಾಗದೆ ಜನ ಅದೇ ತಪ್ಪು ಎತ್ತರದಲ್ಲಿ ಕೂತು ಬಾರಿಸ್ತಾರೆ, ನಾನೂ ಕೂತಿದ್ದೆ. ತಿಂಗಳಿಗೊಮ್ಮೆ ಹೊಲಿಗೆ ಮಷಿನ್ ಎಣ್ಣೆ ನಾಲ್ಕು ಹನಿ ಹಾಕಿ ಮೇಲೆ ಕೆಳಗೆ ತಿರುಗಿಸಿಡಿ. ಕಡಲತೀರದ ಶ್ಯಾಕ್‌ಗಳಲ್ಲಿ (ಮರಳಿನ ಮೇಲಿನ ಹೋಟೆಲ್‌ಗಳಲ್ಲಿ) ಬಾರಿಸೋಕೆ ಕರೆದರೆ ಎರಡಡಿ ಚೌಕದ ಪ್ಲೈವುಡ್ ತುಂಡು ಜೊತೆಗಿರಲಿ. ಮರಳಿನಲ್ಲಿ ಸ್ಟೂಲಿನ ಒಂದು ಕಾಲು ಇಳಿದರೂ ರಾತ್ರಿಯೆಲ್ಲ ಒಂದೇ ಪಕ್ಕಕ್ಕೆ ವಾಲಿ ಕೂತಿರ್ತೀರಿ, ಬಾರಿಸುವಾಗ ಗೊತ್ತೇ ಆಗಲ್ಲ.

ನಿಜ ಹೇಳಬೇಕಂದರೆ, ನನ್ನ ಸೊಂಟ ಎರಡನೇ ಸಲ ಹಿಡಿದದ್ದು ಸ್ಟೂಲಿನ ಮೇಲೆ ಅಲ್ಲ, ಪ್ರೋಗ್ರಾಂ ಮುಗಿಸಿ ಸ್ಟ್ಯಾಂಡುಗಳ ಚೀಲವನ್ನು ಕಾರಿನ ಡಿಕ್ಕಿಗೆ ಎತ್ತುವಾಗ. ಎರಡೂವರೆ ಗಂಟೆ ಕೂತ ಬೆನ್ನು, ಬೆವರು ಆರಿದ ಮೈ, ಒಂದೇ ಕೈಯಲ್ಲಿ 20 ಕಿಲೋಗಿಂತ ಜಾಸ್ತಿ ಭಾರ. ಈಗ ಎರಡು ಚಿಕ್ಕ ಚೀಲ ಮಾಡಿದ್ದೀನಿ, ಎತ್ತುವ ಮುಂಚೆ ಐದು ನಿಮಿಷ ಮದುವೆ ಹಾಲ್ ಸುತ್ತ ಓಡಾಡ್ತೀನಿ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ 25 ನಿಮಿಷಕ್ಕೊಮ್ಮೆ ಎದ್ದು ನಿಲ್ಲಿ, ಒಂದು ಲೋಟ ನೀರು ಕುಡಿದು ಬನ್ನಿ.

ಒಂದು ಮಾತ್ರ ಮುಂದೂಡಬೇಡಿ. ಎದ್ದು ಓಡಾಡಿದ ಮೇಲೂ ಜೋಮು ಇಳಿಯದಿದ್ದರೆ, ಪಾದ ಎತ್ತೋಕೆ ಶಕ್ತಿ ಸಾಲದಿದ್ದರೆ ಸ್ಟೂಲಿನ ಲೆಕ್ಕಾಚಾರ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ.

ಉಳಿದದ್ದಕ್ಕೆ ಒಂದು ಕೆಲಸ ಮಾಡಿ. ಸ್ಟೂಲಿನ ಎತ್ತರಕ್ಕೆ ಸರಿಯಾಗಿ ಮೊಬೈಲನ್ನು ಪಕ್ಕದಲ್ಲಿಟ್ಟು, ನೀವು ಹತ್ತು ನಿಮಿಷ ಬಾರಿಸೋದನ್ನು ರೆಕಾರ್ಡ್ ಮಾಡಿ. ಮೊದಲನೇ ನಿಮಿಷ ಎಲ್ಲರೂ ನೆಟ್ಟಗೇ ಕೂತಿರ್ತಾರೆ, ಒಂಬತ್ತನೇ ನಿಮಿಷದ ಒಂದು ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ. ಮುಖ ಬೇಡ, ಹೆಗಲಿನಿಂದ ಪೆಡಲ್‌ವರೆಗೆ ಕಂಡರೆ ಸಾಕು, ನೋಡಿ ಹೇಳ್ತೀನಿ.