‘ಸ್ವಭಾವತಃ’ ಎಂಬ ಒಂದು ಪದದ ಬಗ್ಗೆ

ಪ್ರಿಯ ಬರಹಗಾರರಿಗೆ, ನಮಸ್ಕಾರ.

ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳಲ್ಲಿ ಬಣಗಳ, ಅಂದರೆ ಆಟಗಾರ ಆರಿಸಿಕೊಳ್ಳುವ ಜನಾಂಗ ಅಥವಾ ರಾಜ್ಯಗಳ, ಗುಣಕ್ಕೂ ಭ್ರಷ್ಟಾಚಾರಕ್ಕೂ ಇರುವ ಸಂಬಂಧದ ಕುರಿತು ನೀವು ಕಳಿಸಿದ ಲೇಖನ ತಲುಪಿತು. ವಿಷಯ ಹೊಸದು, ಭಾಷೆ ಶುದ್ಧವಾಗಿದೆ, ಆಟಗಳನ್ನು ನೀವು ನಿಜವಾಗಿಯೂ ಆಡಿದ್ದೀರಿ ಎಂಬುದು ಓದುವಾಗ ತಿಳಿಯುತ್ತದೆ. ಆದರೂ ಇದನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಅದಕ್ಕೆ ಕಾರಣ ನಿಮ್ಮ ಎರಡನೆಯ ಪ್ಯಾರಾ.

ಅದರ ಮೊದಲ ವಾಕ್ಯ ಹೀಗಿದೆ: “ಸಿವಿಲೈಸೇಶನ್ 3ರಲ್ಲಿ ವ್ಯಾಪಾರಿ ಗುಣವುಳ್ಳ ಜನಾಂಗಗಳು ಸ್ವಭಾವತಃ ಪ್ರಾಮಾಣಿಕವಾದ್ದರಿಂದ ಅವುಗಳಲ್ಲಿ ಭ್ರಷ್ಟಾಚಾರ ಕಡಿಮೆ.” ಈ ಆಟದಲ್ಲಿ ಭ್ರಷ್ಟಾಚಾರವೆಂದರೆ ಯಾರೋ ಮೇಜಿನ ಕೆಳಗೆ ಕೈ ಚಾಚುವುದಲ್ಲ. ರಾಜಧಾನಿಯಿಂದ ನಗರ ಎಷ್ಟು ದೂರವಿದೆ, ಸಾಮ್ರಾಜ್ಯದಲ್ಲಿ ಒಟ್ಟು ಎಷ್ಟು ನಗರಗಳಿವೆ ಎಂಬ ಎರಡು ಸಂಗತಿಗಳನ್ನು ಮುಖ್ಯವಾಗಿ ಹಿಡಿದು ಆಟವು ಪ್ರತಿ ನಗರದ ಆದಾಯದಿಂದಲೂ ಉತ್ಪಾದನೆಯಿಂದಲೂ ಒಂದು ಪಾಲನ್ನು ಕಳೆಯುತ್ತದೆ, ಮತ್ತು ಆ ಕಳೆದ ಪಾಲು ನಗರದ ಪರದೆಯಲ್ಲಿ ಕೆಂಪಾಗಿ ಕಾಣುತ್ತದೆ. ವ್ಯಾಪಾರಿ ಗುಣವು ಆ ಕೆಂಪನ್ನು ಸ್ವಲ್ಪ ತಗ್ಗಿಸುತ್ತದೆ, ದೂರವನ್ನು ಅಳಿಸುವುದಿಲ್ಲ. ನೀವು ಆಡುವಾಗ ಇದನ್ನು ನೂರು ಸಲ ನೋಡಿರುತ್ತೀರಿ. ನೋಡಿದ್ದನ್ನು ಬಿಟ್ಟು ‘ಸ್ವಭಾವತಃ’ ಎಂಬ ಪದವನ್ನು ಎಲ್ಲಿಂದ ತಂದಿರಿ?

ಮುಂದಿನ ವಾಕ್ಯ: “ಭಾರತಕ್ಕೆ ಈ ಗುಣ ದಕ್ಕಿರುವುದು ನಮ್ಮ ಸಂಸ್ಕೃತಿಗೆ ಸಂದ ಗೌರವ.” 2001ರ ಆ ಆಟದಲ್ಲಿ ಭಾರತಕ್ಕೆ ವ್ಯಾಪಾರಿ ಮತ್ತು ಧಾರ್ಮಿಕ ಎಂಬ ಎರಡು ಗುಣಗಳಿರುವುದು ನಿಜ. ಆದರೆ ರೋಮ್, ಗ್ರೀಸ್, ಫ್ರಾನ್ಸ್, ಇಂಗ್ಲೆಂಡ್‌ಗಳಿಗೂ ವ್ಯಾಪಾರಿ ಗುಣವೇ ಇದೆ. ಆಟ ಕಟ್ಟಿದವರು ಬಣಗಳನ್ನು ಒಂದರಿಂದ ಒಂದು ಬೇರೆಯಾಗಿಸಲು ಹಂಚಿದ ಅನುಕೂಲವನ್ನು ನೀವು ಪ್ರಶಸ್ತಿಪತ್ರವೆಂದು ಓದಿದ್ದೀರಿ. ಬಣದ ಗುಣವೆಂದರೆ ನಡತೆ ಎಂಬ ನಿಮ್ಮ ವಾದವೇ ಸರಿಯೆಂದಾದರೆ, ಮೂರನೆಯ ಪ್ಯಾರಾದಲ್ಲಿ ಒಂದೇ ಸಾಲಿನಲ್ಲಿ ದಾಟಿಸಿದ 1999ರ ಆಲ್ಫಾ ಸೆಂಟಾರಿ ಆಟವನ್ನು ಏನು ಮಾಡುತ್ತೀರಿ? ಅಲ್ಲಿಯೂ ಕೇಂದ್ರ ಕಚೇರಿಯಿಂದ ದೂರ ಹೋದಷ್ಟೂ ಶಕ್ತಿ, ಅಂದರೆ ಆ ಆಟದ ಹಣ, ಸೋರುತ್ತದೆ, ದಕ್ಷತೆ ತಗ್ಗಿಸುವ ಆಡಳಿತ ಕ್ರಮವನ್ನು ಆರಿಸಿಕೊಂಡರೆ ಇನ್ನೂ ಹೆಚ್ಚು ಸೋರುತ್ತದೆ. ದಕ್ಷತೆಯ ಆ ದಂಡ ತಟ್ಟದಿರುವುದು ಹ್ಯೂಮನ್ ಹೈವ್ ಎಂಬ ಬಣಕ್ಕೆ, ಅಂದರೆ ಜನರನ್ನು ನೆಲದಡಿಯಲ್ಲಿ ಕೂಡಿಹಾಕಿ ಆಳುವ ನಿರಂಕುಶ ಬಣಕ್ಕೆ. ನಿಮ್ಮ ಮಾತಿನಂತೆ ಆ ಏಳು ಬಣಗಳಲ್ಲಿ ಅತ್ಯಂತ ಪ್ರಾಮಾಣಿಕರು ಅವರೇ ಆಗಬೇಕು. ನಿಮ್ಮ ಲೇಖನದ ಜೀವ ಇಲ್ಲಿತ್ತು. ಅದನ್ನು ಮುಟ್ಟಿಯೂ ಬಿಟ್ಟಿರಿ.

ಇನ್ನು ನನ್ನನ್ನು ಹೆಚ್ಚು ನೋಯಿಸಿದ ಸಾಲು: “ಗಡಿಯ ನಗರಗಳ ಜನ ಬೇಗ ಭ್ರಷ್ಟರಾಗುತ್ತಾರೆ.” ಇದನ್ನು ಬರೆದ ನೀವು ಕಾಸರಗೋಡು ಜಿಲ್ಲೆಯವರು. ರಾಜಧಾನಿ ತಿರುವನಂತಪುರ ಐನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗಿದೆ, ಒಂದು ಸಹಿಗಾಗಿ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಕುಳಿತು ಹೋಗಬೇಕು ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ಈ ತಾಲೂಕು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ನಮ್ಮದೇ ಜಿಲ್ಲೆ ಆದದ್ದು 1984ರಲ್ಲಿ. ಸಿವಿಲೈಸೇಶನ್ 3ರಲ್ಲಿ ದೂರದ ನಗರಕ್ಕೆ ಕೋರ್ಟ್‌ಹೌಸ್ (ನ್ಯಾಯಾಲಯ) ಕಟ್ಟಿದರೆ ಈ ಸೋರಿಕೆ ತಗ್ಗುತ್ತದೆ, ಫರ್ಬಿಡನ್ ಪ್ಯಾಲೇಸ್ ಎಂಬ ಅರಮನೆ ಕಟ್ಟಿದರೆ ಅದು ಎರಡನೆಯ ರಾಜಧಾನಿಯಂತೆ ಕೆಲಸ ಮಾಡುತ್ತದೆ. ಕಮ್ಯುನಿಸಂ ಆಡಳಿತ ಕ್ರಮವನ್ನು ಆರಿಸಿದರಂತೂ ಸೋರಿಕೆ ದೂರವನ್ನು ಲೆಕ್ಕಿಸದೆ ಎಲ್ಲ ನಗರಗಳಿಗೂ ಹಂಚಿಹೋಗುತ್ತದೆ. ಈ ಮೂರರಲ್ಲಿ ಯಾವುದೂ ಜನರನ್ನು ತಿದ್ದುವುದಿಲ್ಲ. ಜನ ಅವರೇ, ಬದಲಾಗುವುದು ಆಡಳಿತ ಅವರನ್ನು ತಲುಪುವ ಬಗೆ.

ನಾನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ಸಣ್ಣ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಇದೇ ತಪ್ಪನ್ನು ಮಾಡಿದ್ದೆ. ರೈತರೊಬ್ಬರು ಕನ್ನಡದಲ್ಲಿ ಬರೆದು ಕೊಟ್ಟ ಅರ್ಜಿಗೆ ಒಂದು ಕಚೇರಿಯಿಂದ ಎಂಟು ತಿಂಗಳಾದರೂ ಉತ್ತರ ಬಂದಿರಲಿಲ್ಲ. “ಈ ಕಚೇರಿಯವರ ಸ್ವಭಾವವೇ ಇಂಥದ್ದು” ಎಂದು ನಾನು ವರದಿ ಬರೆದೆ. ಹಿರಿಯ ಸಂಪಾದಕರು ‘ಸ್ವಭಾವ’ ಎಂಬ ಪದಕ್ಕೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ, “ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ ಎಂದು ನೋಡಿಕೊಂಡು ಬಾ” ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟರು. ಮೂರು ದಿನ ಅಲೆದೆ. ಅರ್ಜಿಯನ್ನು ಮಲಯಾಳಕ್ಕೆ ಅನುವಾದಿಸುವವರಿಲ್ಲದೆ ಮೇಲಿನ ಕಚೇರಿಗೆ ಕಳಿಸಿದ್ದರು. ಅಲ್ಲಿಂದ ಅದು ಅನುವಾದ ಬೇಕೆಂಬ ಟಿಪ್ಪಣಿಯೊಂದಿಗೆ ಹಿಂದಿರುಗಿ, ಹಸಿರು ದಾರ ಕಟ್ಟಿದ ಕಡತದಲ್ಲಿ ಮೊದಲಿನ ಮೇಜಿಗೇ ಬಂದು ಮಲಗಿತ್ತು. ವರದಿಯನ್ನು ಮತ್ತೆ ಬರೆದೆ. ಅಂದಿನಿಂದ ‘ಸ್ವಭಾವ’ ಎಂದು ಬರೆಯಬೇಕಾದಾಗಲೆಲ್ಲ ನನ್ನ ಕೈ ತಡೆಯುತ್ತದೆ. ನಿಮ್ಮ ಕೈಯೂ ತಡೆಯಬೇಕೆಂಬುದು ನನ್ನ ಆಸೆ.

ನಾಲ್ಕನೆಯ ಪ್ಯಾರಾದ ಒಂದು ವಾಕ್ಯವನ್ನೂ ಬಿಡಲಾಗದು: “ಟೋಟಲ್ ವಾರ್: ವಾರ್‌ಹ್ಯಾಮರ್‌ನಲ್ಲಿ ರಕ್ತಪಿಶಾಚಿ ಬಣದ ಭ್ರಷ್ಟಾಚಾರ ಅತಿ ಹೆಚ್ಚು.” 2016ರ ಆ ಆಟದಲ್ಲಿ ಮೂಲ ಇಂಗ್ಲಿಷ್ ಪದ (ಕರಪ್ಶನ್) ಅದೇ ಆದರೂ ಅರ್ಥ ಬೇರೆ. ಅದು ನೆಲಕ್ಕೆ ತಗಲುವ ಮಾಲಿನ್ಯ: ಅದು ಹೆಚ್ಚಿರುವ ಪ್ರಾಂತಕ್ಕೆ ಕಾಲಿಟ್ಟ ಪರರ ಸೈನ್ಯ ಸವೆಯುತ್ತದೆ, ಅದು ಇಲ್ಲದ ಕಡೆ ಪಿಶಾಚಿಗಳ ಸೈನ್ಯವೇ ಸವೆಯುತ್ತದೆ. ಅವರಿಗೆ ಅದು ನಷ್ಟವಲ್ಲ, ಬಲ. ಅದೇ ಸರಣಿಯ 2013ರ ರೋಮ್ 2ರಲ್ಲಿ ಮಾತ್ರ ಈ ಪದಕ್ಕೆ, ರಾಜ್ಯ ಬೆಳೆದಂತೆ ತೆರಿಗೆಯಲ್ಲಿ ಕಳೆದುಹೋಗುವ ಪಾಲು ಎಂಬ ಅರ್ಥವಿದೆ. ಎರಡಕ್ಕೂ ‘ಭ್ರಷ್ಟಾಚಾರ’ ಎಂದೇ ಬರೆದರೆ ಆಟ ಆಡದ ಓದುಗ ದಾರಿ ತಪ್ಪುತ್ತಾನೆ. ಮೊದಲನೆಯದಕ್ಕೆ ‘ಸೋಂಕು’, ಎರಡನೆಯದಕ್ಕೆ ‘ಸೋರಿಕೆ’ ಎಂದರೆ ಸಾಕು. ಎರಡೂ ನಮ್ಮ ಮನೆಮಾತಿನ ಪದಗಳೇ.

ಉಳಿದ ಭಾಗಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಸಿವಿಲೈಸೇಶನ್ 3ರಲ್ಲಿ ರಾಜಧಾನಿಯಿಂದ ಅತಿ ದೂರದಲ್ಲಿರುವ ನಿಮ್ಮ ಒಂದು ನಗರವನ್ನು ತೆರೆಯಿರಿ. ಸರದಿಗೆ ಒಂದೇ ಗುರಾಣಿಯಷ್ಟು (ಗುರಾಣಿ ಆ ಆಟದಲ್ಲಿ ಉತ್ಪಾದನೆಯ ಅಳತೆ) ಉತ್ಪಾದನೆ ಉಳಿದಿರುವ, ಸೋರಿಕೆ ತಡೆಯುವ ಕೋರ್ಟ್‌ಹೌಸನ್ನು ಆ ಒಂದೊಂದೇ ಗುರಾಣಿಯಿಂದ ಹತ್ತಾರು ಸರದಿ ಕಾದು ಕಟ್ಟಿಕೊಳ್ಳಬೇಕಾದ ನಗರ ಅದು. ಅಲ್ಲಿಂದ ಎರಡನೆಯ ಪ್ಯಾರಾವನ್ನು ಮತ್ತೆ ಬರೆಯಿರಿ. ಆ ಒಂದು ಪ್ಯಾರಾವನ್ನಷ್ಟೇ ಮೊದಲು ಕಳಿಸಿ, ಬಂದ ದಿನವೇ ಓದುತ್ತೇನೆ.

ಇತಿ,
ಸಂಪಾದಕ