ಓದುಗರ ಪ್ರಶ್ನೆ: ಐಟಿಐಗೆ ಸೇರಿಸಲೇ, ವರ್ಕ್‌ಶಾಪಿಗೆ ಕಳುಹಿಸಲೇ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಈ ಸಲ ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಾನೆ. ಕಾಲೇಜಿನ ಕಡೆಗೆ ಮನಸ್ಸಿಲ್ಲ, ಯಂತ್ರಗಳೆಂದರೆ ಆಸೆ. ಅವನ ಸೋದರಮಾವ ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ಲೇತ್‌ಗಳ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಸಣ್ಣ ವರ್ಕ್‌ಶಾಪ್ ನಡೆಸುತ್ತಾರೆ. ‘ಐಟಿಐಯಲ್ಲಿ ಎರಡು ವರ್ಷ ಏಕೆ ಕಳೆಯಬೇಕು? ನನ್ನಲ್ಲಿಗೆ ಕಳುಹಿಸಿ, ಆರು ತಿಂಗಳಲ್ಲಿ ಕೆಲಸ ಕಲಿಸಿ ಪಗಾರ ಕೊಡುತ್ತೇನೆ’ ಎನ್ನುತ್ತಾರೆ. ನಮಗಿರುವುದು ಎರಡು ಎಕರೆ ಒಣಭೂಮಿ. ಏನು ಮಾಡಲಿ?
– ಓದುಗರೊಬ್ಬರು, ಬೈಲಹೊಂಗಲ ತಾಲ್ಲೂಕು

ಉತ್ತರ: ಸೋದರಮಾವನ ಮಾತಿನಲ್ಲಿ ಅಕ್ಕರೆಯಿದೆ, ಒಂದು ಮಟ್ಟಿಗೆ ಸತ್ಯವೂ ಇದೆ. ಆದರೂ ಮಗನನ್ನು ಮೊದಲು ಲೇತ್ ಕೆಲಸ ಕಲಿಸುವ ಐಟಿಐಯ ಟರ್ನರ್ ವಿಭಾಗಕ್ಕೇ ಸೇರಿಸಿ ಎಂದು ನಾನು ಹೇಳುತ್ತೇನೆ.

ಆರು ತಿಂಗಳಲ್ಲಿ ಹುಡುಗ ಕಲಿಯುವುದು ಆ ವರ್ಕ್‌ಶಾಪಿಗೆ ಬರುವ ಕೆಲಸವನ್ನು ಮಾತ್ರ. ಒಂದೇ ಬಗೆಯ ಬುಷ್‌ಗಳನ್ನು (ಕೊಳವೆಯಾಕಾರದ ಬಿಡಿಭಾಗ) ದಿನವಿಡೀ ತಯಾರಿಸಿದರೆ ಕೈ ಪಳಗುತ್ತದೆ ನಿಜ. ಆದರೆ ಟೂಲನ್ನು ಇಂಥದೇ ಕೋನದಲ್ಲಿ ಏಕೆ ಮಸೆಯಬೇಕು, ಎರಕದ ಕಬ್ಬಿಣಕ್ಕೂ ಉಕ್ಕಿಗೂ ಯಂತ್ರದ ವೇಗವನ್ನು ಏಕೆ ಬದಲಿಸಬೇಕು, ಡ್ರಾಯಿಂಗಿನಲ್ಲಿ ಅಳತೆಯ ಪಕ್ಕದಲ್ಲಿ ಬರೆದಿರುವ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ಮಿತಿ) ಏನು ಹೇಳುತ್ತದೆ ಎಂಬುದನ್ನು ಆರ್ಡರ್ ಮುಗಿಸುವ ಅವಸರದಲ್ಲಿರುವ ಮಾಲೀಕರು ಕುಳಿತು ಹೇಳಿಕೊಡಲು ಸಾಧ್ಯವಾಗುವುದಿಲ್ಲ. ಡ್ರಾಯಿಂಗ್ ಓದಲು ಬಾರದವನು ಎಷ್ಟು ವರ್ಷ ದುಡಿದರೂ ಇನ್ನೊಬ್ಬರು ಸೆಟ್ಟಿಂಗ್ ಮಾಡಿಕೊಟ್ಟ ಯಂತ್ರದ ಮುಂದೆಯೇ ಉಳಿಯುತ್ತಾನೆ. ಬೆಳಗಾವಿಯಲ್ಲಿ ತಯಾರಾಗುವ ಹೈಡ್ರಾಲಿಕ್ ಬಿಡಿಭಾಗಗಳಿಗೆ ಮೈಕ್ರೋಮೀಟರ್ ಹಿಡಿದು 0.01 ಮಿ.ಮೀ. ವ್ಯತ್ಯಾಸವನ್ನು ಗುರುತಿಸಬಲ್ಲ ಕೈ ಬೇಕು. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೆ ಹೋಗಬೇಕಾದರೂ ಈ ಬುನಾದಿಯೇ ಆಧಾರ.

ವಯಸ್ಸಿನ ಮಾತನ್ನೂ ಮರೆಯಬೇಡಿ. 18 ತುಂಬದವರನ್ನು ಅಪಾಯಕಾರಿ ಯಂತ್ರಗಳ ಮೇಲೆ ತರಬೇತಿಯಿಲ್ಲದೆ ದುಡಿಸುವುದನ್ನು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆ ತಡೆಯುತ್ತಿತ್ತು. ಲೇತಿನಲ್ಲಿ ಲೋಹದ ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಅಂಗಿಯ ಸಡಿಲ ತೋಳು ಸಿಕ್ಕಿದರೆ ಏನಾಗುತ್ತದೆಂದು ಸೋದರಮಾವನವರಿಗೂ ಗೊತ್ತಿರುತ್ತದೆ.

ಹಾಗೆಂದು ಐಟಿಐ ಪ್ರಮಾಣಪತ್ರ ಕೈಗೆ ಬಂದೊಡನೆ ಹುಡುಗ ಪೂರ್ಣ ಕೆಲಸಗಾರನಾಗಿಬಿಡುತ್ತಾನೆ ಎಂದು ನಾನು ಹೇಳಲಾರೆ. ಉತ್ಪಾದನೆಯ ವೇಗ, ಪಾಳಿಯ ಶಿಸ್ತು, ಮಾಲು ಕೆಟ್ಟರೆ ಆಗುವ ನಷ್ಟದ ಅರಿವು ಕಾರ್ಖಾನೆಯಲ್ಲಿಯೇ ಬರಬೇಕು. ಅದಕ್ಕಾಗಿಯೇ 1961ರ ಅಪ್ರೆಂಟಿಸ್ ಕಾಯ್ದೆಯಿದೆ. ಐಟಿಐ ಮುಗಿಸಿದ ಮೇಲೆ ಕಾರ್ಖಾನೆಯೊಂದರಲ್ಲಿ ಒಪ್ಪಂದ ಮಾಡಿಕೊಂಡು, ಸ್ಟೈಪೆಂಡ್ ಪಡೆಯುತ್ತ ಅಪ್ರೆಂಟಿಸ್ ಆಗಿ ಕಲಿಯಬಹುದು. ಸೋದರಮಾವನ ಅನುಭವ ಅವನಿಗೆ ನಿಜವಾಗಿ ಒದಗುವುದು ಆಗ. ಓದುವ ಆಸೆ ಮುಂದೆ ಹುಟ್ಟಿದರೆ, ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ತೆರೆದಿರುತ್ತದೆ. ಬೆಳಗಾವಿಯ ಜಿಟಿಟಿಸಿಯನ್ನೂ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಒಮ್ಮೆ ವಿಚಾರಿಸಿ. ಅಲ್ಲಿನ ಟೂಲ್ ಅಂಡ್ ಡೈ (ಉಪಕರಣ ಮತ್ತು ಅಚ್ಚುಗಳ ತಯಾರಿಕೆ) ಡಿಪ್ಲೊಮಾದ ಕೊನೆಯ ವರ್ಷ ಕಾರ್ಖಾನೆಯ ತರಬೇತಿಯಲ್ಲೇ ಕಳೆಯುತ್ತದೆ.

ಅರ್ಜಿ ಹಾಕುವ ಮುನ್ನ ಮಗನನ್ನು ಕರೆದುಕೊಂಡು ಹೋಗಿ ಐಟಿಐಯ ವರ್ಕ್‌ಶಾಪನ್ನು ಕಣ್ಣಾರೆ ನೋಡಿ. ಎಷ್ಟು ಲೇತ್‌ಗಳು ನಡೆಯುತ್ತಿವೆ, ಒಂದಕ್ಕೆ ಎಷ್ಟು ಮಂದಿ ಹುಡುಗರು ಎಂದು ಎಣಿಸಿ. ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಬದಿಗೆ ಕರೆದು, ಈ ವಾರ ನೀನೇ ಕೈಯಾರೆ ಏನು ಮಾಡಿದೆ ಎಂದು ಕೇಳಿ. ಅವನು ತಾನು ತಯಾರಿಸಿದ ಬಿಡಿಭಾಗವನ್ನು ತೆಗೆದು ತೋರಿಸಿದರೆ ನಿಮ್ಮ ಮಗನನ್ನು ಧೈರ್ಯವಾಗಿ ಅಲ್ಲಿಗೆ ಸೇರಿಸಬಹುದು.