ಚೀಟಿ ಇದ್ರೆ ಕರಿ ಇಷಾಡ್ ಆಗ್ತದಾ?

ಕುಮಟೆಯ ನಿವೃತ್ತ ಮಾಸ್ತರೊಬ್ಬರ ಪತ್ರ: "ಹೋದ ಸಂಚಿಕೆಯ ಪ್ರಾಸ್ಟೇಟ್ ಸ್ಟೆಮ್ ಸೆಲ್ ಲೇಖನ ಓದಿದೆ. ಸಿಡಿ133 ಗುರುತು ಇದ್ದದ್ದೇ ಸ್ಟೆಮ್ ಸೆಲ್ ಅಂದ್ಮೇಲೆ ಹೆಕ್ಕಿ ಬೆಳೆಸಿದ್ರೆ ಮುಗೀತಲ್ಲ, ಇಲಿ ಮೈಯೊಳಗೆ ಇಟ್ಟು ನೋಡೋ ರಗಳೆ ಯಾಕೆ? ಮೂತ್ರಕ್ಕೆ ಅಂತ ರಾತ್ರಿ ಐದು ಸಲ ಏಳುವ ನಮ್ಮಂಥವರಿಗೆ ಇಂಜೆಕ್ಷನ್ ಯಾವಾಗ?"

ಮಾಸ್ತರ್ರೇ, ಪತ್ರದಲ್ಲಿ ಒಂದೂ ಕಾಗುಣಿತ ತಪ್ಪಿಲ್ಲ, ಲೆಕ್ಕದಲ್ಲಿ ಮಾತ್ರ ಒಂದಿದೆ. ಆ ಲೇಖನ ಓದದವರಿಗೆ: ಪ್ರಾಸ್ಟೇಟ್ ಅಂದ್ರೆ ಗಂಡಸರ ಮೂತ್ರಚೀಲದ ಬುಡದಲ್ಲಿರೋ ಗ್ರಂಥಿ, ಸ್ಟೆಮ್ ಸೆಲ್ ಅಂದ್ರೆ ಬೇರೆ ಸೆಲ್ಲುಗಳನ್ನ ಹುಟ್ಟಿಸೋ ಮೂಲ ಸೆಲ್, ಸಿಡಿ133 ಅಂದ್ರೆ ಸೆಲ್ಲಿನ ಮೈಮೇಲಿರೋ ಒಂದು ಪ್ರೋಟೀನು. ಆ ಗುರುತು ಇದ್ದದ್ದೆಲ್ಲ ಸ್ಟೆಮ್ ಸೆಲ್ ಅಲ್ಲ. ಹಾಗಂತ ಗುರುತು ಬೇಡ ಅಂತಲ್ಲ, ಲಕ್ಷಗಟ್ಟಲೆ ಸೆಲ್ಲಿನಲ್ಲಿ ಬೇರೆ ಮಾಡೋಕೆ ಮಷಿನ್‌ಗೂ ಏನಾದ್ರೂ ಹಿಡಿ ಬೇಕು. ಅಷ್ಟೇ.

ನನ್ನ ಕಥೆ ಕೇಳಿ. ಅಂಕೋಲೆ ಮನೆ ಹಿತ್ಲಲ್ಲಿ ಕರಿ ಇಷಾಡ್ (ನಮ್ಮ ಕಡೆಯ ತೆಳು ಸಿಪ್ಪೆಯ ಮಾವು) ಅಂತ ಚೀಟಿ ಕಟ್ಟಿದ ಕಸಿ ಗಿಡ ತಂದು ನೆಟ್ಟು, ಗೊಬ್ಬರ ಹಾಕಿ, ಆರು ವರ್ಷ ಕಾದು ಕೊನೆಗೆ ಹಣ್ಣು ಕೊಯ್ದರೆ ದಪ್ಪ ಸಿಪ್ಪೆ, ತಿರುಳು ಕಮ್ಮಿ, ಬಿಳಿ ಇಷಾಡ್! 2023ರಲ್ಲಿ ಕರಿ ಇಷಾಡಿಗೆ ಜಿಐ ಟ್ಯಾಗೂ (ಇದು ಈ ಊರಿನದೇ ಅನ್ನೋ ಸರ್ಕಾರಿ ಮುದ್ರೆ) ಬಂತು, ನನ್ನ ಮರಕ್ಕೆ ಅದೇನು ಗೊತ್ತಾಯ್ತಾ?

ಸೆಲ್ಲಿನದ್ದೂ ಹಾಗೇ ಮಾರಾಯ್ರೆ. ಗಂಡಿಲಿಯ ಬೀಜ (ವೃಷಣ) ತೆಗೆದ್ರೆ ಪ್ರಾಸ್ಟೇಟ್ ಮುದುಡ್ತದೆ, ಹಾರ್ಮೋನು ಕೊಟ್ರೆ ವಾಪಸ್ ಬೆಳೀತದೆ, ಮತ್ತೆ ಮತ್ತೆ ಮಾಡಿದ್ರೂ ಅದೇ, ಅಂದ್ರೆ ಒಳಗೆ ಎಲ್ಲೋ ಬೇರು ಉಳಿದಿದೆ ಅಂತ 80ರ ದಶಕದಲ್ಲೇ ಅನುಮಾನ ಬಂದಿತ್ತು. 2008ರಲ್ಲಿ ಸಿಡಿ133, ಸಿಡಿ44, ಸಿಡಿ117 ಅಂತೆಲ್ಲ ಗುರುತಿರೋ ಒಂದೊಂದೇ ಇಲಿ ಸೆಲ್ಲನ್ನ ಭ್ರೂಣದ ಅಂಗಾಂಶದ ಜೊತೆ ಸೇರಿಸಿ ಇನ್ನೊಂದು ಇಲಿಯ ಮೂತ್ರಪಿಂಡದ ಪೊರೆ ಕೆಳಗೆ ಇಟ್ಟರು. 97ರಲ್ಲಿ 14 ಮಾತ್ರ ಪ್ರಾಸ್ಟೇಟ್ ಆದವು! ಚೀಟಿ ಎಲ್ಲದಕ್ಕೂ ಇತ್ತು. ಮರುವರ್ಷ ಬೇರೆ ಲ್ಯಾಬಿನವರಿಗೆ ಗ್ರಂಥಿಯ ಬುಡದ ಪದರ ಬಿಟ್ಟು ಒಳಪದರದಲ್ಲೂ ಅಂಥದೇ ಸೆಲ್ ಸಿಕ್ಕಿತು. ಲ್ಯಾಬಲ್ಲಿ ಮ್ಯಾಟ್ರಿಜೆಲ್ ಅನ್ನೋ ಲೋಳೆಯೊಳಗೆ ಸಣ್ಣ ಉಂಡೆ ಉಂಡೆಯಾಗಿ ಬೆಳೆಸ್ತಾರೆ, ಉಂಡೆ ಒಡೆದು ಬಿಡಿ ಸೆಲ್ ಬಿತ್ತಿದ್ರೆ ಮತ್ತೆ ಉಂಡೆ ಆಗ್ತದಾ, ಮತ್ತೂ ಆಗ್ತದಾ ನೋಡ್ತಾರೆ. ಹಣ್ಣು ಬಿಡೋವರೆಗೆ ಕಾಯೋ ಜನ ಅವ್ರು, ನನಗೆ ಅವ್ರ ಮೇಲೇ ಪ್ರೀತಿ.

ಇಂಜೆಕ್ಷನ್ ವಿಷಯ ಕೇಳಿದ್ರಲ್ಲ, ಮೈ ಉರೀತದೆ. ಕಳೆದ ವರ್ಷ ಒಂದು ಕ್ಲಿನಿಕ್‌ನವರು "ಸ್ಟೆಮ್ ಸೆಲ್ಲಿಂದ ಗಂಡಸರ ಸಮಸ್ಯೆ ಮಾಯ" ಅಂತ ಇಡೀ ಪುಟದ ಜಾಹೀರಾತು ಹಿಡ್ಕೊಂಡು ಬಂದಿದ್ರು, ಒಂದು ಸಂಚಿಕೆಯ ಪ್ರಿಂಟಿಂಗ್ ಖರ್ಚೇ ಹುಟ್ತಿತ್ತು, ಚಾ ಕುಡಿಸಿ ಕಳಿಸಿದೆ. ದೊಡ್ಡ ಆಸ್ಪತ್ರೆ ಬೇಕು ಅಂತ ಈ ಜಿಲ್ಲೆ ಎಷ್ಟು ವರ್ಷದಿಂದ ಕೂಗ್ತಾ ಇದೆ, ಇವತ್ತಿಗೂ ಫೈಲು ಕಂಕುಳಲ್ಲಿ ಇಟ್ಕೊಂಡು ಮಣಿಪಾಲದ ಬಸ್ಸಿಗೆ ಕಾಯೋದು ತಪ್ಪಿಲ್ಲ, ಅದ್ರ ಮಧ್ಯೆ ಇಂಥವರ ಕಾಟ.

ನೀವು ಮೊದಲು ಯುರಾಲಜಿಸ್ಟ್‌ಗೆ ತೋರಿಸಿ. ವಯಸ್ಸಿಗೆ ಗ್ರಂಥಿ ಊದೋದು ಸಾಮಾನ್ಯ, ಅದಕ್ಕೆ ಮಾತ್ರೆ ಇದೆ. ಮೇ ತಿಂಗಳಲ್ಲಿ ನಮ್ಮಲ್ಲಿಗೂ ಬನ್ನಿ, ಸಿಗೋದು ಬಿಳಿ ಇಷಾಡೇ.